ಬೀಗತಿಯ ಆಣೆ, ನನ್ನ ಹಿತ್ತಲು

ಸುರಪುರ
3 ಮಾರ್ಚ್ 2025

ರಾಮಸಮುದ್ರದ ಬೀಗರಾದ ಸಿದ್ಲಿಂಗಮ್ಮನವರಿಗೆ ಸುರಪುರದಿಂದ ಶಿವಬಸಮ್ಮ ಶರಣು ಮಾಡಿ ಬರೆಯುವುದು. ಇಲ್ಲಿ ಎಲ್ಲರೂ ಸೌಖ್ಯ, ಹಿತ್ತಲೊಂದನ್ನು ಬಿಟ್ಟು.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಹೋದ ಸಲ ನಾನು ಕೂಗಿದ್ದು ನಮ್ಮ ಓಣಿಗೆಲ್ಲ ಕೇಳಿತು, ಕಿವಿ ಮಂದವಾದ ನಿಮಗೊಬ್ಬರಿಗೆ ಕೇಳಲಿಲ್ಲ. ಅದಕ್ಕೇ ಕಾಗದ. ನಾನು ಕಲಿತದ್ದು ನಾಲ್ಕನೇ ತರಗತಿ. ತಪ್ಪಿದ್ದರೆ ತಿದ್ದಿಕೊಂಡು ಓದಿ, ನಗಬೇಡಿ. ನಿಮ್ಮದೂ ನಾಲ್ಕನೆಯದೇ ಎಂದು ಸರಿತಾ ಹೇಳಿದ್ದಾಳೆ.

ನನ್ನ ಮೊಮ್ಮಗಳು ಸರಿತಾ ನಿಮ್ಮ ಮೊಮ್ಮಗ ಬಸಲಿಂಗನ ಕೂಸನ್ನು ಹೊತ್ತಿದ್ದಾಳೆ. ಚೊಚ್ಚಲ ಹೆರಿಗೆ ತವರಲ್ಲಿ, ತೊಟ್ಟಿಲೂ ತವರಲ್ಲಿ. ನಿಮ್ಮ ಮನೆತನದಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವುದು ತಂದೆಯ ಕಡೆಯ ಹಿರಿಯಳು. ಅಂದರೆ ನೀವು. ನೀವು ಬರದಿದ್ದರೆ ಕೂಸಿಗೆ ಹೆಸರಿಲ್ಲ. ನೀವೋ ನಮ್ಮ ಮನೆಗೆ ಬರುವುದಿಲ್ಲ ಎಂದು ಆಣೆ ಇಟ್ಟು ಕುಳಿತಿದ್ದೀರಿ.

ಆ ದಿನದ ಮಾತು ನನಗೂ ನೆನಪಿದೆ. ಮದುವೆಯಾದ ವಾರದಲ್ಲೇ ಹೊಸ ಬೀಗರ ಊಟಕ್ಕೆ ಬಂದಿರಿ, ಹೋಳಿಗೆ ಉಂಡಿರಿ, ಕೈ ತೊಳೆಯಲು ಹಿತ್ತಲಿಗೆ ಹೋಗಿ ಜಾರಿ ಕುಳಿತಿರಿ. ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. "ಬೀಗರು ನಮ್ಮ ಹಿತ್ತಲ ಅಳತಿ ತಗೊಳಾಕತ್ತಾರ ನೋಡ್ರೇ" ಎಂದುಬಿಟ್ಟೆ. ನಮ್ಮ ಮನೆಯ ಹೆಂಗಸರೆಲ್ಲ ಬಿದ್ದುಬಿದ್ದು ನಕ್ಕರು. ನಿಮ್ಮ ಮಗನೂ ಮೊಮ್ಮಗನೂ ಎರಡು ಕಡೆ ಹೆಗಲು ಹಿಡಿದು ನಿಮ್ಮನ್ನು ಜೀಪಿಗೆ ಏರಿಸಿದರು. ಸಿಟ್ಟಿಗೆ ನಿಮ್ಮ ಮುಖ ಬೆಳ್ಳಗಾಗಿತ್ತು, ತುಟಿ ಅದರುತ್ತಿತ್ತು. ಜೀಪಿನಿಂದಲೇ ಕೂಗಿದಿರಿ: "ಈ ಹಿತ್ತಲ ಸಮ ಆಗೂತನಕ ನಿಮ್ಮ ಹೊಸ್ತಿಲಕ್ಕ ನಾ ಬರಂಗಿಲ್ಲ!" ಆಮೇಲೆ ದೀಪಾವಳಿಗೆ ನನ್ನ ಮಗ ಭೀಮಾಶಂಕರ ನಿಮ್ಮಲ್ಲಿಗೆ ಬಂದರೆ ನೀವು ಕುರ್ಚಿ ಬಿಟ್ಟು ಏಳಲೂ ಇಲ್ಲವಂತೆ. ಇರಲಿ. ದೊಡ್ಡವರು.

ಈಗ ಕೇಳಿ. ನಾನು ಹಿತ್ತಲನ್ನು ಸಮ ಮಾಡುತ್ತೇನೆ.

ನಮ್ಮದು ಗುಡ್ಡದ ಬದಿಯ ಮನೆ, ನಿಮಗೆ ಗೊತ್ತಿದೆ. ಹಿಂಬಾಗಿಲಲ್ಲಿ ನಿಂಬೆಹಣ್ಣು ಬಿಟ್ಟರೆ ಬೇವಿನ ಗಿಡ ದಾಟಿ, ಕೆಳಗಿನ ಮನೆ ಅನ್ವರಬಿಯ ಗೋಡೆಗೆ ಬಡಿದು ನಿಲ್ಲುತ್ತದೆ. ಜೆಸಿಬಿ ತರೋಣವೆಂದರೆ ನಮ್ಮ ಓಣಿಯಲ್ಲಿ ಎಮ್ಮೆ ತಿರುಗುವುದೇ ಕಷ್ಟ. ಭೀಮಾಶಂಕರ, "ಕೂಲಿ ಹಚ್ಚೂಣ ಯವ್ವಾ, ಈ ವಯಸ್ಸಿನಾಗ ನೀ ಸಲಿಕಿ ಹಿಡೀತಿಯೇನು?" ಎಂದ. ಆಣೆ ಇಟ್ಟದ್ದು ನನ್ನ ಮುಖ ನೋಡಿ. ಸಲಿಕೆಯೂ ನನ್ನ ಕೈಯಲ್ಲೇ ಇರಲಿ.

ಹೊಸ ಸೀರೆ ತೆಗೆದಿಟ್ಟುಕೊಳ್ಳಿ.

ಶಿವಬಸಮ್ಮ

*

ರಾಮಸಮುದ್ರ
12 ಮಾರ್ಚ್ 2025

ಶಿವಬಸಮ್ಮನವರಿಗೆ,

ಕಾಗದ ಬಂತು. ನಿಮ್ಮ ಬಾಯಿಯಷ್ಟೇ ನಿಮ್ಮ ಅಕ್ಷರವೂ ದೊಡ್ಡದು. ಕನ್ನಡಕ ಬೇಕಾಗಲಿಲ್ಲ.

ಸಮ ಮಾಡುವುದು ಬಾಯಿಂದ ಆಗುವುದಿಲ್ಲ. ಮಾಡಿ ತೋರಿಸಿ, ಆಮೇಲೆ ಸೀರೆಯ ಮಾತು. ನಮ್ಮ ರಾಮಸಮುದ್ರದ ಹೊಲ ನೋಡಿ ಕಲಿಯಿರಿ. ಇಲ್ಲಿ ನಿಂಬೆಹಣ್ಣು ಬಿಟ್ಟರೆ ಬಿಟ್ಟಲ್ಲೇ ಕುಳಿತಿರುತ್ತದೆ.

ಒಂದೆರಡು ಕೇಳಬೇಕು. ನಿಮ್ಮ ಮುಂಬಾಗಿಲ ಹೊಸ್ತಿಲು ಎಷ್ಟು ಎತ್ತರ? ಮನೆಯೊಳಗೆ ಹೋಗದೆ ಹಿತ್ತಲಿಗೆ ಬರಲು ಪಕ್ಕದ ಸಂದಿಯಲ್ಲಿ ಒಂದು ಗೇಟು ಇತ್ತಲ್ಲ, ಅದರ ಅಗಲ ಎಷ್ಟು? ಬಚ್ಚಲು ಒಳಗಿದೆಯೋ ಹೊರಗಿದೆಯೋ?

ಸರಿತಾ ಚೆನ್ನಾಗಿದ್ದಾಳೆ. ಹುಣಸೆಕಾಯಿ ತಿನ್ನುತ್ತಾಳೆ, ಬೇಡವೆಂದರೆ ಕೇಳುವುದಿಲ್ಲ. ಮೊಂಡುತನ ಯಾರ ಕಡೆಯಿಂದ ಬಂತೋ.

ಸಿದ್ಲಿಂಗಮ್ಮ

*

ಸುರಪುರ
25 ಮಾರ್ಚ್ 2025

ಬೀಗರಿಗೆ ಶರಣು.

ಗೇಟಿನ ಅಗಲ ಕೇಳಿದ್ದೀರಿ. ಯಾಕೆ, ಆನೆಯ ಮೇಲೆ ಬರುತ್ತೀರೇನು? ಬರುವವರು ಬರುವಷ್ಟು ಅಗಲವಿದೆ. ಹೊಸ್ತಿಲು ಹೊಸ್ತಿಲಿನಷ್ಟೇ ಇದೆ. ಈಗ ಕೆಲಸದ ಮಾತು ಕೇಳಿ, ನನಗೆ ಹೇಳದೆ ತಡೆಯಲಾಗುತ್ತಿಲ್ಲ!

ಮೊದಲು ಇಡೀ ಹಿತ್ತಲನ್ನು ಒಂದೇ ಸಮ ಮಾಡುವುದು ಎಂದುಕೊಂಡಿದ್ದೆ. ಹಾಗೆ ಮಾಡಿದರೆ ಮೇಲಿನ ಕಡೆ ಮನೆಯ ಬುನಾದಿಯೇ ಹೊರಗೆ ಬರುತ್ತದೆ. ಅದಕ್ಕೆ ಎರಡು ಕಟ್ಟೆ: ಹಿಂಬಾಗಿಲ ಹತ್ತಿರ ಒಂದು, ಬೇವಿನ ಗಿಡದ ಹತ್ತಿರ ತಗ್ಗಿನಲ್ಲಿ ಒಂದು. ಮೇಲಿನ ಉಬ್ಬು ಕಡಿಯುವುದು, ಆ ಮಣ್ಣನ್ನೇ ಕೆಳಗೆ ತುಂಬುವುದು. ತುಂಬಿದ ಮಣ್ಣು ಹರಿದು ಹೋಗದಂತೆ ಕೆಳಗಡೆ ಕಲ್ಲಿನ ಒಡ್ಡು.

ಸಮ ಯಾವುದು, ಸೊಟ್ಟ ಯಾವುದು ಎಂದು ಕಣ್ಣಿಗೆ ತಿಳಿಯುವುದಿಲ್ಲ. ಗೋಡೆ ಕಟ್ಟುವ ಗೌಂಡಿಗಳು ಮಾಡುವ ಹಾಗೆ ಪಾರದರ್ಶಕ ಪೈಪು ತಂದು ನೀರು ತುಂಬಿದೆ. ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಅನ್ವರಬಿಯ ಕೈಯಲ್ಲಿ. ಎರಡು ತುದಿಯಲ್ಲಿ ನೀರು ನಿಂತಲ್ಲಿ ಗೂಟಕ್ಕೆ ಗೆರೆ ಎಳೆಯಬೇಕು. ಅನ್ವರಬಿ ಮಾತಾಡುತ್ತ ಕೈ ಇಳಿಸುತ್ತಾಳೆ, ನೀರೆಲ್ಲ ಅವಳ ಸೆರಗಿಗೆ.

"ಕೈ ಅಲುಗಿಸಬ್ಯಾಡ ಅಂದೆ!"

"ನೀವು ಬೈಯೂದು ನಿಲ್ಲಿಸ್ರಿ ಅಕ್ಕಾ, ಕೈ ತಾನ ನಿಲ್ತದ."

ಕೊನೆಗೆ ಗೆರೆ ಎಳೆದು ದಾರ ಕಟ್ಟಿದೆವು. ಮನೆಯ ಕಡೆ ದಾರ ನೆಲಕ್ಕೆ ತಾಗಿದೆ. ಕೆಳಗೆ ಬೇವಿನ ಹತ್ತಿರ ನೋಡಿದರೆ, ಸಿದ್ಲಿಂಗಮ್ಮನವರೆ, ದಾರ ನನ್ನ ಎದೆಮಟ್ಟಕ್ಕೆ ನಿಂತಿತ್ತು! ಇಷ್ಟು ವರ್ಷ ಇಂಥ ಇಳಿಜಾರಿನಲ್ಲಿ ಬಟ್ಟೆ ಒಣಗಿಸಿದ್ದೇನೆ, ಮಕ್ಕಳನ್ನು ಆಡಿಸಿದ್ದೇನೆ. ನೀವು ಬಿದ್ದದ್ದು ದೊಡ್ಡದಲ್ಲ, ನಾವು ನಿಂತದ್ದು ದೊಡ್ಡದು.

ಮೇಲಿನ ಕಪ್ಪನೆಯ ಒಳ್ಳೆ ಮಣ್ಣನ್ನು ಬೇರೆ ಗುಡ್ಡೆ ಹಾಕಿದ್ದೇನೆ, ಕೊನೆಗೆ ಮೇಲೆ ಹರಡಲು. ಅದರ ಕೆಳಗೆ ಬರೀ ಗರಸು, ಕೆಂಪು ಹರಳು ಮಣ್ಣು. ಗುದ್ದಲಿ ಹಾಕಿದರೆ ಕಿಡಿ ಹಾರುತ್ತದೆ. ಬಿಸಿಲೇರುವ ಮೊದಲು ಒಂದಿಷ್ಟು, ಸಂಜೆ ಒಂದಿಷ್ಟು. ಅಂಗೈ ಬೊಬ್ಬೆ ಒಡೆದು ಗಟ್ಟಿಯಾಗಿದೆ. ಭೀಮಾಶಂಕರ ಬಟ್ಟೆ ಅಂಗಡಿಗೆ ಹೋಗುವ ಮುಂಚೆ ನಾಲ್ಕು ಬುಟ್ಟಿ ಹೊತ್ತು ಹಾಕುತ್ತಾನೆ, ಬೈಸಿಕೊಂಡು.

ರಾತ್ರಿ ಮಲಗಿದರೆ ಸೊಂಟ ನೋಯುತ್ತದೆ, ಬೆಳಗಾದರೆ ಕೈ ತುರಿಸುತ್ತದೆ. ಇಂಥ ಹುರುಪು ನನ್ನ ಮದುವೆಯಲ್ಲೂ ಇರಲಿಲ್ಲ.

ಶಿವಬಸಮ್ಮ

*

ರಾಮಸಮುದ್ರ
5 ಏಪ್ರಿಲ್ 2025

ಶಿವಬಸಮ್ಮನವರಿಗೆ,

ಓದಿದೆ. ಎರಡು ಸಲ ಓದಿದೆ, ಅಷ್ಟೇನೂ ಚೆನ್ನಾಗಿತ್ತೆಂದಲ್ಲ, ಮಾಡಲು ಬೇರೆ ಕೆಲಸ ಇರಲಿಲ್ಲ.

ಗರಸಿನಲ್ಲಿ ಏನು ಬೆಳೆಯುತ್ತದೆ? ಕೂಸಿನ ತೊಟ್ಟಿಲ ಮುಂದೆ ಕಳ್ಳಿ ನೆಡುತ್ತೀರಾ? ಸರಿತಾಳನ್ನು ಹೆರಿಗೆಗೆ ಬಿಡಲು ಬಸಲಿಂಗ ಬರುವಾಗ ಹಿಂದೆ ಟ್ರಾಕ್ಟರು ಬರುತ್ತದೆ. ಅದರಲ್ಲಿ ನಮ್ಮ ಹೊಲದ ಕಪ್ಪು ಎರೆ ಮಣ್ಣಿದೆ. ಬೆಣ್ಣೆಯಂಥ ಮಣ್ಣು. ಇದನ್ನು ನಮ್ಮ ಮನೆಯಿಂದ ಬಸುರಿಗೆ ಕೊಟ್ಟ ಉಡಿ ಎಂದು ತಿಳಿಯಿರಿ. ಎಲ್ಲಿ ಹಾಕಿದಿರಿ ಎಂದು ಬಸಲಿಂಗ ನೋಡಿ ಬಂದು ನನಗೆ ಹೇಳಬೇಕು.

ಎರಡು ಕಟ್ಟೆ ಎಂದಿರಿ. ನಡುವೆ ಇಳಿಯುವುದು ಹೇಗೆ? ಮೆಟ್ಟಿಲೋ? ಎಷ್ಟು ಎತ್ತರದ ಮೆಟ್ಟಿಲು? ಹಿಡಿದುಕೊಳ್ಳಲು ಏನಾದರೂ ಇರುತ್ತದೆಯೋ? ಇದಕ್ಕೆ ಆನೆ ಕುದುರೆ ಎನ್ನದೆ ಉತ್ತರ ಬರೆಯಿರಿ.

ಸಿದ್ಲಿಂಗಮ್ಮ

*

ಸುರಪುರ
22 ಏಪ್ರಿಲ್ 2025

ಬೀಗರಿಗೆ ಶರಣು.

ಸರಿತಾ ಬಂದಳು, ಮಣ್ಣೂ ಬಂತು. ಟ್ರಾಕ್ಟರು ಓಣಿಯ ತುದಿಯಲ್ಲೇ ನಿಂತಿತು, ಅಲ್ಲಿಂದ ಬುಟ್ಟಿಯಲ್ಲಿ ಹೊತ್ತೆವು. ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು, "ಸೀರಿ ಕೊಡೂದು ನೋಡೀವಿ, ಬಂಗಾರ ಕೊಡೂದು ನೋಡೀವಿ, ಮಣ್ಣ ಕೊಡೂ ಬೀಗರನ್ನ ಈಗ ನೋಡಿದ್ವಿ" ಎಂದರು. "ನಿಮ್ಮ ಬೀಗರು ಅದನ್ನೂ ಕೊಟ್ಟಿಲ್ಲಲ್ಲ" ಎಂದೆ. ಬಾಗಿಲು ಹಾಕಿಕೊಂಡರು.

ನಿಮ್ಮ ಮಣ್ಣನ್ನು ಮರ್ಯಾದೆಯ ಜಾಗದಲ್ಲೇ ಹಾಕಿದ್ದೇನೆ. ಬೇವಿನ ಹತ್ತಿರದ ಒಡ್ಡಿನ ಹಿಂದೆ ಪೂರಾ ನಿಮ್ಮದೇ ಎರೆ ಮಣ್ಣು. ಅನ್ವರಬಿ, "ಎರಿ ಮಣ್ಣು ಒಡ್ಡಿನ ಹಿಂದ ಬ್ಯಾಡ ಅಕ್ಕಾ, ನೀರು ಕುಡದ್ರ ಉಬ್ಬತದ" ಎಂದಳು. ಅದು ನನಗೇನು ಗೊತ್ತಿಲ್ಲವೇ? ನಾನೂ ಎರೆ ಹೊಲದಲ್ಲೇ ಹುಟ್ಟಿದವಳು. ಆದರೆ ಬೀಗರು ಕೊಟ್ಟದ್ದನ್ನು ಮೂಲೆಗೆ ಸುರಿದರೆ ಬಸಲಿಂಗ ಏನೆಂದು ಹೇಳಿಯಾನು? ಅವನು ನೋಡುವ ಹಾಗೆ, ತೊಟ್ಟಿಲು ಕಟ್ಟುವ ಗಿಡದ ಬುಡದಲ್ಲೇ, ತುಂಬಿ ಹುಣಸೆಯ ಕೊರಡಿನಿಂದ ಬಡಿದು ಕೂರಿಸಿದೆ.

ಒಡ್ಡು ನೋಡಬೇಕು ನೀವು! ಗುಡ್ಡದ ಕಲ್ಲು, ಒಂದೊಂದನ್ನೂ ತಿರುಗಿಸಿ ಮುರುಗಿಸಿ ಹೊಂದಿಸಿದ್ದೇನೆ. ದಾರಿಯಲ್ಲಿ ಹೋಗುವವರು ನಿಂತು, "ಯಾವ ಗೌಂಡಿ ಕಟ್ಟಿದ್ದು?" ಎಂದು ಕೇಳುತ್ತಾರೆ.

ಮೆಟ್ಟಿಲು ಕೇಳಿದ್ದೀರಿ. ಪರಸಿ ಹಾಸುಗಲ್ಲಿನ ಮೆಟ್ಟಿಲು, ನುಣುಪು, ಎತ್ತರ, ಗುಡಿಯ ಮೆಟ್ಟಿಲಿನ ಹಾಗೆ. ಹಿಡಿದುಕೊಳ್ಳಲು ಯಾಕೆ ಬೇಕು? ನಮ್ಮ ಮನೆಯಲ್ಲಿ ಯಾರೂ ಅಷ್ಟು ಮುದುಕರಾಗಿಲ್ಲ.

ಒಂದು ಮಾತು. ಇದನ್ನೆಲ್ಲ ಓದಿ ಹೇಳಿದರೆ ಸರಿತಾ ನಗಲಿಲ್ಲ. ಮೆಟ್ಟಿಲ ಕಡೆ ನೋಡಿ, "ಇದು ಬ್ಯಾಡಾಗಿತ್ತು ಯಮ್ಮಾ" ಎಂದು ಒಳಗೆ ಹೋದಳು. ಬಸುರಿಯರಿಗೆ ಎಲ್ಲದರ ಮೇಲೂ ಬೇಸರ. ಸರಿಹೋಗುತ್ತಾಳೆ.

ಶಿವಬಸಮ್ಮ

*

ರಾಮಸಮುದ್ರ
4 ಮೇ 2025

ಶಿವಬಸಮ್ಮನವರಿಗೆ,

ಒಡ್ಡು ಚೆನ್ನಾಗಿದೆ ಎಂದು ಬಸಲಿಂಗ ಫೋಟೋ ತೋರಿಸಿದ. ಮೆಟ್ಟಿಲೂ ನೋಡಿದೆ.

ನನ್ನ ದಾರಿ ಕಾಯಬೇಡಿ. ಬರುವುದು ಆಗುವುದಿಲ್ಲ. ಕೂಸಿನ ಕಿವಿಯಲ್ಲಿ ಹೆಸರು ಯಾರಾದರೂ ಹೇಳಲಿ, ನೀವೇ ಹೇಳಿ. ನಿಮ್ಮ ಬಾಯಿ ಅದಕ್ಕೆ ಸಾಕು.

ಸಿದ್ಲಿಂಗಮ್ಮ

*

ಸುರಪುರ
13 ಜೂನ್ 2025

ಸಿದ್ಲಿಂಗಮ್ಮನವರಿಗೆ,

ನಿಮ್ಮ ಕಾಗದಕ್ಕೆ ಉತ್ತರ ಬರೆಯಬಾರದು ಎಂದುಕೊಂಡಿದ್ದೆ. ಸಮ ಮಾಡಿದರೆ ಬರುತ್ತೇನೆ ಎಂದಿರಿ, ಮಾಡಿದೆ, ಈಗ ಬರುವುದಿಲ್ಲ ಎನ್ನುತ್ತೀರಿ. ಆಣೆಗೂ ಒಂದು ಮರ್ಯಾದೆ ಇರುತ್ತದೆ.

ಆದರೆ ಇವತ್ತು ಬರೆಯಲೇಬೇಕು. ಮುಂಗಾರು ಹಿಡಿಯಿತು. ಮೊದಲ ಮಳೆಗೆ ನಿಮ್ಮ ಬೆಣ್ಣೆಯಂಥ ಮಣ್ಣು ನೀರು ಕುಡಿಯಿತು. ಎರಡನೆಯ ಮಳೆಗೆ ಒಡ್ಡು ಸರಿತಾಳ ಹೊಟ್ಟೆಯ ಹಾಗೆ ಮುಂದಕ್ಕೆ ಬಂತು. ಮೂರನೆಯದಕ್ಕೆ ಪೂರಾ ಕುಸಿದು ಅನ್ವರಬಿಯ ಕೋಳಿಗೂಡಿನ ಮೇಲೆ ಬಿತ್ತು. ಕೋಳಿಗಳು ಉಳಿದವು, ಅವಳ ದೊಡ್ಡತನ ಅವಳು ಬೈಯಲಿಲ್ಲ. ನಾನು ಬೈದೆ, ನಿಮ್ಮನ್ನು. ಓಣಿಯೆಲ್ಲ ಕೇಳುವ ಹಾಗೆ. ಕುರ್ಚಿ ಬಿಟ್ಟು ಏಳದ ದೊಡ್ಡಸ್ತಿಕೆಯವರು ಮಣ್ಣು ಕೊಟ್ಟು ನಮ್ಮ ಮನೆ ಕೆಡವಿದರು ಎಂದೆ.

ಸರಿತಾ ಒಳಗಿನಿಂದ ಕಿರುಚಿದಳು: "ಸಾಕು ಮಾಡ್ ಯಮ್ಮಾ! ರಾಮಸಮುದ್ರದ ಅಮ್ಮನ ಸುದ್ದಿ ನಿನಗೇನ್ ಗೊತ್ತದ?" ಏನು ಸುದ್ದಿ ಎಂದರೆ ಬಾಯಿ ಹೊಲಿದುಕೊಂಡು ಅಳುತ್ತಾಳೆ. ನನ್ನ ಮೊಮ್ಮಗಳನ್ನು ನನ್ನ ಮೇಲೆ ಕೂಗುವ ಹಾಗೆ ಮಾಡಿದಿರಿ. ಸಂತೋಷವೇ?

ಶಿವಬಸಮ್ಮ

*

ಸುರಪುರ
6 ಜುಲೈ 2025

ಸಿದ್ಲಿಂಗಕ್ಕಾ,

ನಿಮ್ಮಿಂದ ಉತ್ತರವಿಲ್ಲ. ಆ ಕಾಗದಕ್ಕೆ ನಾನಾದರೂ ಬರೆಯುತ್ತಿರಲಿಲ್ಲ. ಅದನ್ನು ಒಲೆಗೆ ಹಾಕಿ.

ಆ ಕಾಗದ ಅಂಚೆಗೆ ಹಾಕಿ ಬಂದವಳು ಅದೇ ಸಿಟ್ಟಿನಲ್ಲಿ ಬಿದ್ದ ಕಲ್ಲು ಎತ್ತಲು ಹೋದೆ. ನಿಮ್ಮ ಎರೆ ಮಣ್ಣು ಕಾಲಿಗೆ ಮೆತ್ತಿ ಜಾರಿದೆ. ನೀವು ಬಿದ್ದ ಜಾಗದಲ್ಲೇ ಬಿದ್ದೆ. ಎಲುಬಿಗೇನೂ ಆಗಲಿಲ್ಲ, ಪಾದದ ಗಿಣ್ಣು ಉಳುಕಿ ಬಾತು ಕುಂಬಳಕಾಯಿ ಆಯಿತು. ಗೋಡೆ ಹಿಡಿದು ಓಡಾಡುವ ಪಾಡು ಬಂತು.

ಆಗ ನನ್ನ ಮನೆಯನ್ನು ನಾನು ಹೊಸದಾಗಿ ನೋಡಿದೆ ಅಕ್ಕಾ. ಹೊಸ್ತಿಲ ಮುಂದೆ ನಿಂತು, ಇದೆಷ್ಟು ಎತ್ತರವಪ್ಪಾ ಎಂದೆ. ಬಚ್ಚಲು ಹೊರಗಿದ್ದದ್ದಕ್ಕೆ ಕಟ್ಟಿಸಿದವರನ್ನು ಬೈದೆ. ಸೊಸೆ ಸೌಭಾಗ್ಯ ಕೈ ಹಿಡಿದು ಸಂದಿಯ ಗೇಟು ದಾಟಿಸುವಾಗ ಇಬ್ಬರು ಒಟ್ಟಿಗೆ ಹಿಡಿಸಲಿಲ್ಲ. ನುಣುಪಾದ ಪರಸಿ ಮೆಟ್ಟಿಲ ಮೇಲೆ ನಿಂತೆ, ಹಿಡಿದುಕೊಳ್ಳಲು ಏನೂ ಇರಲಿಲ್ಲ. ಅಲ್ಲೇ ಕುಳಿತುಬಿಟ್ಟೆ. ಈ ಮಾತುಗಳನ್ನೆಲ್ಲ ಯಾರೋ ನನಗೆ ಮೊದಲೇ ಕೇಳಿದ್ದರಲ್ಲ ಎಂದು ನೆನಪಾಯಿತು. ನಿಮ್ಮ ಕಾಗದ ತಂದು ಓದಿದೆ. ಕೇಳಿದ್ದು ನಿಮ್ಮ ಬಿಗುಮಾನವಲ್ಲ, ನಿಮ್ಮ ಕಾಲು.

ನೀವು ಏನೂ ಹೇಳಬೇಡಿ, ನಾನು ಏನೂ ಕೇಳುವುದಿಲ್ಲ. ಸರಿತಾಳನ್ನೂ ಕೇಳಿಲ್ಲ. ನೀವು ಕೇಳಿದ್ದಕ್ಕೆ ಮಾತ್ರ ಈಗ ಸರಿಯಾಗಿ ಉತ್ತರ ಬರೆಯುತ್ತಿದ್ದೇನೆ.

ಮುಂಬಾಗಿಲ ಹೊಸ್ತಿಲು ಮೊಳಕಾಲಿನ ಅರ್ಧಕ್ಕೆ ಬರುತ್ತದೆ. ಅದರ ಗೊಡವೆ ಬೇಡ, ನೀವು ಸಂದಿಯಿಂದ ನೇರ ಹಿತ್ತಲಿಗೆ ಬರುತ್ತೀರಿ. ಅಲ್ಲಿಯ ಗೇಟು ಕಿತ್ತೆಸೆದಿದ್ದೇನೆ. ಈಗ ನೀವು, ನಿಮ್ಮ ಜೊತೆಗೆ ಏನಿದೆಯೋ ಅದು, ಪಕ್ಕಕ್ಕೊಬ್ಬರು, ಎಲ್ಲ ಒಟ್ಟಿಗೆ ಬರಬಹುದು. ಬಚ್ಚಲು ಹೊರಗೇ ಇದೆ, ಹಿತ್ತಲ ಮಟ್ಟಕ್ಕೇ. ಒಳಗೆ ಕಾಲು ಜಾರದ ಖರಬರ ಕಲ್ಲು ಹಾಸಿ, ಗೋಡೆಗೆ ಕಬ್ಬಿಣದ ಹಿಡಿಕೆ ಬಡಿಸಿದ್ದೇನೆ.

ಕಾಲಿನ ಬಾವು ಇಳಿಯುತ್ತಲೇ ಭೀಮಾಶಂಕರನನ್ನೂ ಸೇರಿಸಿಕೊಂಡು ಮೆಟ್ಟಿಲು ಕಿತ್ತೆ. ಆ ಜಾಗದಲ್ಲಿ ಉದ್ದಕ್ಕೆ ಇಳಿಜಾರು ಮಾಡಿದ್ದೇನೆ. ಹೌದು, ಬೇಸಿಗೆಯೆಲ್ಲ ಕಡಿದು ಸಮ ಮಾಡಿದ ಹಿತ್ತಲಿಗೆ ನಾನೇ ಮತ್ತೆ ಇಳಿಜಾರು ಹಾಕಿದೆ! ನೀರಿನ ಪೈಪು ಹಿಡಿದು, ಈ ಸಲ ನೆಲ ಎಷ್ಟು ಸೊಟ್ಟ ಇರಬೇಕು ಎಂದು ಅಳೆದೆವು. ಅನ್ವರಬಿ ನಕ್ಕು ನಕ್ಕು ನೀರೆಲ್ಲ ಚೆಲ್ಲಿದಳು: "ಸಮ ಮಾಡಿದಾಕೀನೂ ನೀವ, ಸೊಟ್ಟ ಮಾಡಾಕೀನೂ ನೀವ. ಅಕ್ಕಾ, ಯಾಕ ಅಂತ ನನಗರ ಹೇಳ್ರಿ?" ನಾನು ಹೇಳಲಿಲ್ಲ. ನನ್ನ ಹೊಟ್ಟೆಯಲ್ಲಿ ಒಂದು ಮಾತು ನಿಂತಿದ್ದು ಇದೇ ಮೊದಲು. ಹೊಟ್ಟೆ ನೋಯುತ್ತಿದೆ.

ಇಳಿಜಾರು ಎಷ್ಟು ಮೆಲ್ಲಗಿದೆ ಎಂದರೆ, ನಿಂಬೆಹಣ್ಣು ಬಿಟ್ಟು ನೋಡಿದೆ. ಹೋಗಲೋ ಬೇಡವೋ ಎಂದು ಯೋಚನೆ ಮಾಡುತ್ತದೆ. ಮೇಲೆ ಬಾಚಿ ಗೆರೆ ಎಳೆದಿದ್ದೇನೆ, ಜಾರುವುದಿಲ್ಲ. ಎರಡು ಬದಿ ಹಿಡಿದು ನಡೆಯಲು ಬಿದಿರಿನ ಕಟಾಂಜನ. ಅದರ ಎತ್ತರ ಸರಿತಾಳ ಮುಂದೆ ಬರೀ ಕೈಯಿಂದ ತೋರಿಸಿ, "ಇಷ್ಟಾ? ಇಷ್ಟಾ?" ಎಂದೆ. ಒಂದು ಕಡೆ ತಲೆ ಆಡಿಸಿದಳು. ಅವಳೂ ಏನೂ ಹೇಳಿಲ್ಲ, ನಿಮಗೆ ಏನು ಆಣೆ ಕೊಟ್ಟಿದ್ದಾಳೋ ಅದು ಉಳಿದಿದೆ.

ಒಡ್ಡನ್ನು ಮತ್ತೆ ಕಟ್ಟಿದೆವು. ಈ ಸಲ ಹಿಂದೆ ಗರಸು, ಚಿಪ್ಪುಗಲ್ಲು, ನೀರು ಹೋಗಲು ತೂತು. ನಿಮ್ಮ ಎರೆ ಮಣ್ಣನ್ನು ಬಿಸಾಡಿಲ್ಲ. ಅದನ್ನು ಗಿಡದ ಪಾತಿಗೆ ಮೇಲೆ ಹರಡಿದ್ದೇನೆ, ಇರಬೇಕಾದ ಜಾಗ ಅದು.

ಈಗ ಹೇಳಿ, ಬರುತ್ತೀರೋ ಇಲ್ಲವೋ?

ಶಿವಬಸಮ್ಮ

*

ರಾಮಸಮುದ್ರ
15 ಜುಲೈ 2025

ತಂಗೀ ಶಿವಬಸಮ್ಮ,

ನನ್ನ ವಯಸ್ಸು ನಿನಗಿಂತ ಹೆಚ್ಚೆಂದು ಸರಿತಾ ಹೇಳಿದ್ದಳು. ಅಕ್ಕಾ ಎಂದು ನೀನೇ ಬರೆದೆ. ಇನ್ನು ಮೇಲೆ ನಾನೂ ನೀನು ಎನ್ನುತ್ತೇನೆ.

ಹೇಳಬೇಡಿ ಎಂದು ನೀನು ಬರೆದೆ, ಆದರೂ ಹೇಳುತ್ತೇನೆ. ಅವತ್ತು ನಿನ್ನ ಹಿತ್ತಲಲ್ಲಿ ನನ್ನ ಸೊಂಟದ ಎಲುಬು ಮುರಿಯಿತು. ಜೀಪಿನಲ್ಲಿ ನನ್ನ ತುಟಿ ಅದರಿದ್ದು ಸಿಟ್ಟಿಗಲ್ಲ, ನೋವಿಗೆ. ಆಸ್ಪತ್ರೆಯಲ್ಲಿ ಒಳಗೆ ಕಬ್ಬಿಣ ಇಟ್ಟರು. ಈಗ ನಾಲ್ಕು ಕಾಲಿನ ವಾಕರ್ ಹಿಡಿದು ನಡೆಯುತ್ತೇನೆ. ನಿನ್ನ ಮಗ ಬಂದಾಗ ಅದನ್ನು ಮಂಚದ ಕೆಳಗೆ ತಳ್ಳಿಸಿ ಕುಳಿತಿದ್ದೆ. ಏಳಲು ಹೋಗಿದ್ದರೆ ಗೊತ್ತಾಗುತ್ತಿತ್ತು.

ಯಾಕೆ ಮುಚ್ಚಿಟ್ಟೆ ಎಂದರೆ, ಹುಡುಗಿ ನಮ್ಮ ಮನೆ ತುಂಬಿ ಇನ್ನೂ ವಾರವೂ ಆಗಿರಲಿಲ್ಲ. ಬೀಗರ ಊಟಕ್ಕೆ ಹೋಗಿ ಅಜ್ಜಿ ಸೊಂಟ ಮುರಿದುಕೊಂಡು ಬಂದಳು ಎಂದರೆ ಜನ ಏನೆನ್ನುತ್ತಾರೆ? ಸೊಸೆಯ ಕಾಲ್ಗುಣ ಎನ್ನುತ್ತಾರೆ. ಮನೆಯಲ್ಲಿ ಹಾಲು ಉಕ್ಕಿದರೂ ಅವಳದೇ, ಎತ್ತು ಕುಂಟಿದರೂ ಅವಳದೇ. ನನಗೆ ಹಾಗೆ ಎನ್ನುತ್ತಿದ್ದರು ತಂಗೀ, ನಾನು ಈ ಮನೆಗೆ ಬಂದ ಹೊಸದರಲ್ಲಿ. ಅದು ಎಂಥದೆಂದು ನನಗೆ ಗೊತ್ತು. ಆ ಮಾತು ಸರಿತಾಳ ಹತ್ತಿರ ಸುಳಿಯಬಾರದು ಎಂದು ಜೀಪಿನಲ್ಲೇ ಸಿಟ್ಟಿನ ಸೋಗು ಹಾಕಿದೆ. ಜಗಳಗಂಟಿ ಎನ್ನಿಸಿಕೊಂಡರೆ ನನಗೇನು, ಮೊದಲೇ ಆ ಹೆಸರಿತ್ತು. ಇಲ್ಲಿ ಕೇಳಿದವರಿಗೆ ವಯಸ್ಸಾಯಿತು, ಎಲುಬು ಸವೆದಿದೆ ಎಂದಿದ್ದೇವೆ.

ನಿನಗಾದರೂ ಹೇಳಬಹುದಿತ್ತಲ್ಲ ಎನ್ನುತ್ತೀ. ನಿನ್ನ ಬಾಯಿಯ ಹೆದರಿಕೆ. ನಿನಗೆ ಹೇಳುವುದಕ್ಕಿಂತ ಬಸ್ ಸ್ಟ್ಯಾಂಡಿನಲ್ಲಿ ಬರೆದು ಹಚ್ಚುವುದು ಅಗ್ಗ ಎಂದುಕೊಂಡಿದ್ದೆ. ಈಗ ಹೊಟ್ಟೆ ನೋಯುತ್ತಿದೆ ಎಂದು ಬರೆದೆಯಲ್ಲ, ಅದನ್ನು ಓದಿ ಎಷ್ಟು ನಕ್ಕೆ ಎಂದರೆ ಸೊಂಟ ಹಿಡಿದುಕೊಳ್ಳಬೇಕಾಯಿತು.

ಎರೆ ಮಣ್ಣು ಕಳಿಸಿದ್ದು, ನಾನು ಬರಲಾಗದಿದ್ದರೂ ನಮ್ಮ ಹೊಲವಾದರೂ ಅಲ್ಲಿಗೆ ಹೋಗಲಿ ಎಂದು. ಅದು ಒಡ್ಡು ಕೆಡವಿತು. ನನ್ನ ಹೊಲಕ್ಕೂ ನನ್ನದೇ ಗುಣ.

ಬರುತ್ತೇನೆ. ಸೀರೆ ತೆಗೆದಿಟ್ಟಿದ್ದೇನೆ.

ಸಿದ್ಲಿಂಗಮ್ಮ

*

ಸುರಪುರ
22 ಜುಲೈ 2025

ಅಕ್ಕಾ, ಅಕ್ಕಾ!

ಹೆಣ್ಣು! ಬಸಲಿಂಗ ಫೋನಿನಲ್ಲಿ ಸುದ್ದಿ ಕೇಳಿ ನಿಮಗೆ ಕೈಸನ್ನೆಯಲ್ಲಿ ಹೇಳಿದನಂತೆ, ಆದರೂ ನನ್ನ ಕೈಯಿಂದ ಬರೆಯದಿದ್ದರೆ ಸಮಾಧಾನವಿಲ್ಲ. ಕೂಸು ಗುಂಡಗಿದೆ, ಬಣ್ಣ ನಿಮ್ಮ ಹೊಲದ್ದು, ಗಂಟಲು ನನ್ನದು. ಸರಿತಾ ಸೌಖ್ಯ. ನಿಮ್ಮ ಕಾಗದವನ್ನು ಅವಳ ಮುಂದೆ ಇಟ್ಟೆ. ಓದಿ, "ಇನ್ನ ನಾ ಉಸಿರಾಡಬಹುದು" ಎಂದು ಅತ್ತಳು, ನಕ್ಕಳು. ನಾನು ಅಳಲಿಲ್ಲ. ಕಣ್ಣಿಗೆ ಗರಸಿನ ಧೂಳು ಬಿದ್ದಿತ್ತು.

ಶ್ರಾವಣದಲ್ಲಿ ತೊಟ್ಟಿಲು. ಮೊನ್ನೆ ದೊಡ್ಡ ಮಳೆ ಹೊಡೆಯಿತು. ನಾನು ಕೊಡೆ ಹಿಡಿದು ಹಿತ್ತಲಲ್ಲೇ ನಿಂತಿದ್ದೆ. ಒಡ್ಡಿನ ತೂತುಗಳಿಂದ ನೀರು ಸಣ್ಣಗೆ ಬಂತು, ಒಂದು ಕಲ್ಲೂ ಅಲುಗಲಿಲ್ಲ! ನಿಮ್ಮ ಮಣ್ಣಿನಲ್ಲಿ ಮೆಂತ್ಯ ಎದ್ದಿದೆ.

ಕೆಳಗಿನ ಕಟ್ಟೆಯಲ್ಲಿ, ಬೇವಿನ ನೆರಳಿಗೆ, ಕುರ್ಚಿ ಇಡುತ್ತೇನೆ. ಈ ಸಲ ಏಳದಿದ್ದರೂ ಯಾರೂ ಏನೂ ಅನ್ನುವುದಿಲ್ಲ.

ಶಿವಬಸಮ್ಮ

*

ಸುರಪುರ
19 ಆಗಸ್ಟ್ 2025

ಸಿದ್ಲಿಂಗಕ್ಕಾ,

ತೊಟ್ಟಿಲ ದಿನ ನೀವು ನೋಡಿದ್ದನ್ನು ಬರೆಯುವುದಿಲ್ಲ, ನಿಮಗೆ ಕೇಳದ್ದನ್ನು ಬರೆಯುತ್ತೇನೆ.

ಸಂದಿಯಿಂದ ವಾಕರ್ ಟಕ್ ಟಕ್ ಎಂದು ಬರುವಾಗ ಹೆಂಗಸರೆಲ್ಲ ಗಪ್ಪಾದರು. ನಿಮಗೆ ಕೇಳಿಸಲಿಲ್ಲ, ಆದರೆ ಅಷ್ಟು ಜನ ಹೆಂಗಸರು ಸುಮ್ಮನಾದದ್ದನ್ನು ನಾನು ಈ ಜನ್ಮದಲ್ಲಿ ಕೇಳಿರಲಿಲ್ಲ. ನೀವು ಇಳಿಜಾರಿನ ಮೇಲೆ ಕಾಲಿಟ್ಟಾಗ ನಾನು ನಿಮ್ಮ ಕಾಲನ್ನೇ ನೋಡುತ್ತಿದ್ದೆ. ಅನ್ವರಬಿ ನನ್ನ ಕೈ ಹಿಡಿದಳು. ಅವಳಿಗೆ ಆಗ ತಿಳಿಯಿತು. "ಇದಕ್ಕೇನ್ರಿ ಅಕ್ಕಾ ಸೊಟ್ಟ ಮಾಡಿಸಿದ್ದು?" ಎಂದಳು, ಮೆಲ್ಲಗೆ. ನೀವು ನಡುವೆ ನಿಂತು, ಒಂದು ಕೈ ಬಿಟ್ಟು, ಕಾಲಿನಿಂದ ನೆಲ ಒತ್ತಿ ನೋಡಿದಿರಿ. ಆಮೇಲೆ ನನ್ನ ಕಡೆ ನೋಡಿ ತಲೆ ಆಡಿಸಿದಿರಿ. ನನಗೆ ಅಷ್ಟೇ ಸಾಕಾಯಿತು.

ಕೂಸಿನ ಕಿವಿಯಲ್ಲಿ ಹೆಸರು ಮೆಲ್ಲಗೆ ಹೇಳಬೇಕು. ನೀವು ಮೆಲ್ಲಗೇ ಹೇಳಿದೆ ಎಂದುಕೊಂಡಿದ್ದೀರಿ. ಅಕ್ಕಾ, "ಭೂಮಿಕಾ" ಎಂದು ನೀವು ಕೂಗಿದ್ದು ಗುಡ್ಡಕ್ಕೆ ಬಡಿದು ತಿರುಗಿ ಬಂತು. ಬೇವಿನಲ್ಲಿದ್ದ ಗಿಳಿಗಳು ಹಾರಿದವು. ಓಣಿಯ ಆ ತುದಿಯಲ್ಲಿ ಹಾಲು ಹಾಕುತ್ತಿದ್ದವನು, "ಭೂಮಿಕಾ ಅಂತ ಇಟ್ರಂತ" ಎಂದು ಮನೆಮನೆಗೆ ಹೇಳಿಕೊಂಡು ಹೋದ. ಕೂಸು ಮಾತ್ರ ಅಳಲಿಲ್ಲ, ನಿಮ್ಮನ್ನೇ ನೋಡುತ್ತಿತ್ತು. ಇಂಥವರು ಇಬ್ಬರು ಮುತ್ತಜ್ಜಿಯರು ಎಂದು ಅದಕ್ಕೆ ಅವತ್ತೇ ಗೊತ್ತಾಗಿದೆ.

ಈಗ ಮುಖ್ಯ ಮಾತು. ಊಟದ ಪಂಕ್ತಿಯಲ್ಲಿ ನಮ್ಮ ಓಣಿಯ ಪರಿಮಳಾ, ಆ ಬೀಗರ ಊಟಕ್ಕೆ ಬಂದಿರದವಳು, ನಿಮ್ಮ ಬೆನ್ನಿಗೆ ಕುಳಿತಿದ್ದಳು. ಅವಳು ಕೇಳಿದಳು, ಎಲ್ಲರಿಗೂ ಕೇಳುವ ಹಾಗೆ: "ಮದವ್ಯಾಗ ನೆಟ್ಟಗ ನಡೀತಿದ್ರಲ್ಲ, ಕಾಲು ಯಾವಾಗ ಮುರೀತು? ಸರಿತಾ ಹೋದ ಮ್ಯಾಲನ ಏನು?"

ಪಂಕ್ತಿಯ ಹೆಂಗಸರ ಕೈ ಎಲೆಯ ಮೇಲೆ ನಿಂತವು. ಸರಿತಾ ಕೂಸನ್ನು ಎದೆಗೆ ಒತ್ತಿಕೊಂಡಳು. ನೀವು ಹೋಳಿಗೆ ಉಣ್ಣುತ್ತಿದ್ದಿರಿ, ತುಪ್ಪ ಕೇಳುತ್ತಿದ್ದಿರಿ.

ನಾನೆಂದೆ: "ಎಮ್ಮಿ ದೂಡ್ತವ್ವಾ. ಅವರ ಕೊಟ್ಟಿಗ್ಯಾಗ ದೊಡ್ಡ ಎಮ್ಮಿ ಅದ, ಭಾಳ ಹಾಯ್ತದ. ದೂಡಿದಾಗ ಓಡಿ ಬಂದು ಎತ್ತಿದಾಕೀನ ನಮ್ಮ ಸರಿತಾ. ಆಕಿ ಕಾಲಿಟ್ಟಿದ್ದಕ್ಕ ಜೀವ ಉಳೀತು ಅಂತ ಅವರ ಊರೆಲ್ಲ ಹೇಳತದ. ನಿನಗ್ಯಾರೂ ಹೇಳಿಲ್ಲೇನು? ತಗೋ, ಹೋಳಿಗಿ ತಿನ್ನು, ಬಾಯಿ ತುಂಬಾ ತಿನ್ನು."

ಕೈಗಳು ಮತ್ತೆ ಎಲೆಗೆ ಇಳಿದವು. ಪರಿಮಳಾ ಮೂರು ಹೋಳಿಗೆ ತಿಂದಳು. ಸಂಜೆಯೊಳಗೆ ಎಮ್ಮೆಯ ಸುದ್ದಿ ಸುರಪುರ ದಾಟಿ ಹೋಗಿರಬೇಕು. ನನ್ನ ಬಾಯಿ ಇಷ್ಟು ದಿನಕ್ಕೆ ಒಂದು ಕೆಲಸಕ್ಕೆ ಬಂತು.

ಅದಕ್ಕೇ ಅವಸರದಲ್ಲಿ ಬರೆಯುತ್ತಿದ್ದೇನೆ. ಇನ್ನು ಮೇಲೆ ಯಾರೇ ಕೇಳಲಿ, ನಿಮ್ಮನ್ನು ದೂಡಿದ್ದು ಎಮ್ಮೆ. ಎರಡೂ ಊರಲ್ಲಿ ಒಂದೇ ಮಾತಿರಲಿ. ಮನೆಯವರಿಗೆಲ್ಲ ಹೇಳಿಡಿ.

ನಿಮ್ಮ ತಂಗಿ
ಶಿವಬಸಮ್ಮ

*

ರಾಮಸಮುದ್ರ
27 ಆಗಸ್ಟ್ 2025

ತಂಗೀ,

ನಮ್ಮ ಮನೆಯಲ್ಲಿ ಎಮ್ಮೆ ಇಲ್ಲ. ಇರುವುದು ಎರಡು ಎತ್ತು, ಒಂದು ಬಡ ಆಕಳು. ಅದು ನೊಣವನ್ನೂ ದೂಡುವುದಿಲ್ಲ.

ಬಸಲಿಂಗನನ್ನು ಎಮ್ಮೆ ಕೊಳ್ಳಲು ಸಂತೆಗೆ ಕಳಿಸಿದ್ದೇನೆ. ಆದಷ್ಟು ದೊಡ್ಡದು, ನೋಡಲು ಕೆಟ್ಟದಾಗಿರುವುದು ತಾ ಎಂದಿದ್ದೇನೆ. ಹಾಲು ಕರೆಯುವಂಥದು ಸಿಕ್ಕರೆ ಕೂಸಿಗೂ ಆಯಿತು.

ಬಾಣಂತಿಯನ್ನು ಕರೆದುಕೊಂಡು ನೀನೇ ಬಾ. ನಮ್ಮ ಅಂಗಳ ಸಮ ಇದೆ. ಎಮ್ಮೆಯಿಂದ ಮಾತ್ರ ದೂರ ಇರು.

ಸಿದ್ಲಿಂಗಕ್ಕ